ಬಿಟ್ಟಿ ಚಾಕರಿನಾ ಅಂತ ಕೇಳಿದ ತಂಗಿಗೆ

ನಿಮ್ಮ ಪತ್ರ ಓದಿದೆ. ಯಜಮಾನರ ಕೆಲಸದ ಜೊತೆ ದಾವಣಗೆರೆಯಿಂದ ಸಿಡ್ನಿಗೆ ಬಂದು ವೆಂಟ್‌ವರ್ತ್‌ವಿಲ್‌ನಲ್ಲಿ ಮನೆ ಮಾಡಿದ್ದೀರಿ. ಮಗಳು ಶಾಲೆಗೆ ಸೇರಿದ್ದಾಳೆ. ಊರಲ್ಲಿ ಬಿಕಾಂ ಮುಗಿಸಿ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದಿರಿ. ಇಲ್ಲಿ ಎಲ್ಲಿ ಅರ್ಜಿ ಹಾಕಿದರೂ ‘ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ’ ಅನ್ನುವ ಒಂದೇ ಪ್ರಶ್ನೆ. ಸಿಕ್ಕವರೆಲ್ಲ ‘ಎಲ್ಲಾದರೂ ವಾಲಂಟಿಯರ್ ಮಾಡಿ’ ಅನ್ನುತ್ತಾರೆ. ಯಜಮಾನರು ‘ಸಂಬಳ ಇಲ್ಲದ ಕೆಲಸಕ್ಕೆ ಬಸ್ಸು-ರೈಲಿನ ಓಪಲ್ ಕಾರ್ಡಿನ ದುಡ್ಡು ಬೇರೆ ದಂಡ’ ಅನ್ನುತ್ತಾರೆ. ಇದು ಬಿಟ್ಟಿ ಚಾಕರಿ ಅಲ್ವಾ ಅಕ್ಕಾ ಅಂತ ಕೇಳಿದ್ದೀರಿ.

ಎಲ್ಲಿ ಮಾಡುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಮೊದಲು ಬಿಟ್ಟಿ ಚಾಕರಿಯದ್ದೇ ಹೇಳಿಬಿಡುತ್ತೇನೆ, ಯಾಕಂದರೆ ಹೊಸಬರು ಸಿಕ್ಕಿಬೀಳುವುದು ಅಲ್ಲೇ. ಅಂಗಡಿ, ಹೋಟೆಲ್, ಲೆಕ್ಕದ ಆಫೀಸು, ಯಾವುದೇ ಆಗಲಿ, ಲಾಭಕ್ಕೆ ನಡೆಯುವ ಜಾಗದಲ್ಲಿ ‘ಒಂದು ತಿಂಗಳು ಸುಮ್ನೆ ಬಂದು ಕಲಿತುಕೊಳ್ಳಿ, ಆಮೇಲೆ ನೋಡೋಣ’ ಅಂದರೆ ಕೈ ಮುಗಿದು ಹೊರಗೆ ಬನ್ನಿ. ಹಾಗೆ ಕರೆಯುವವರು ಬಹಳ ಸಲ ನಮ್ಮ ಕಡೆಯವರೇ. ‘ನಮ್ಮವರು’ ಅನ್ನುವ ಸಲುಗೆಯಲ್ಲೇ ಕರೆಯುತ್ತಾರೆ. ಇಲ್ಲಿನ ಕಾನೂನಿನಲ್ಲಿ ನಿಮಗೆ ಆ ಕೆಲಸ ಬರುತ್ತದಾ ಅಂತ ನೋಡುವಷ್ಟು ಹೊತ್ತು ಮಾತ್ರ ಸಂಬಳವಿಲ್ಲದ ಟ್ರಯಲ್ ಇಟ್ಟುಕೊಳ್ಳಬಹುದು. ಅದು ಒಂದು ಗಂಟೆ ಇರಬಹುದು, ಹೆಚ್ಚೆಂದರೆ ಒಂದು ಶಿಫ್ಟ್. ಅದಕ್ಕಿಂತ ಜಾಸ್ತಿ ಆದರೆ ಸಂಬಳ ಕೊಡಲೇಬೇಕು. ಅನುಮಾನ ಬಂದರೆ ಫೇರ್ ವರ್ಕ್ ಆಂಬುಡ್ಸ್‌ಮನ್‌ಗೆ, ಅಂದರೆ ಸಂಬಳ-ಕೆಲಸದ ದೂರು ಕೇಳುವ ಸರ್ಕಾರಿ ಕಚೇರಿಗೆ ಫೋನ್ ಮಾಡಿ, ನಂಬರ್ 13 13 94.

ಇನ್ನು ನಿಜವಾದ ವಾಲಂಟಿಯರ್ ಕೆಲಸ. ಯಜಮಾನರಿಗೆ ಇದನ್ನು ಓದಿ ಹೇಳಿ. ಈ ದೇಶದಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಆರಿಸಲು ಹೋಗುವವರಲ್ಲಿ ಬಹಳಷ್ಟು ಜನ ಸಂಬಳದವರಲ್ಲ. ನಮ್ಮ ನ್ಯೂ ಸೌತ್ ವೇಲ್ಸ್‌ನ ರೂರಲ್ ಫೈರ್ ಸರ್ವಿಸ್‌ನಲ್ಲಿ ಸುಮಾರು 70 ಸಾವಿರ ವಾಲಂಟಿಯರ್‌ಗಳಿದ್ದಾರೆ. 2019-20ರ ಬೇಸಿಗೆಯಲ್ಲಿ ಈ ರಾಜ್ಯ ಒಂದರಲ್ಲೇ 2,400ಕ್ಕೂ ಹೆಚ್ಚು ಮನೆ ಸುಟ್ಟವು. ಆಗ ತಿಂಗಳುಗಟ್ಟಲೆ ಹೊಗೆಯಲ್ಲಿ ನಿಂತವರು ಪ್ಲಂಬರ್, ಮೇಷ್ಟರು, ದನ ಸಾಕುವವರು. ಅಂಗಡಿ ಬಾಗಿಲು ಹಾಕಿ ಹೋದವರಿಗೆ ಹೊಟ್ಟೆಪಾಡು ಕಷ್ಟವಾಯಿತು. ಕೊನೆಗೆ ಸರ್ಕಾರ ಸ್ವಂತ ಉದ್ಯೋಗದವರಿಗೆ, ಸಣ್ಣ ಕಂಪನಿಗಳಲ್ಲಿ ಇರುವವರಿಗೆ ದಿನಕ್ಕೆ 300 ಡಾಲರ್‌ವರೆಗೆ, ಒಟ್ಟು 6,000 ಮೀರದಂತೆ ಪರಿಹಾರ ಕೊಡಬೇಕಾಯಿತು. ಮಳೆಗೆ ಮನೆಯ ಹೆಂಚು ಹಾರಿಹೋದರೆ 132 500ಕ್ಕೆ ಫೋನ್ ಮಾಡುತ್ತೀರಿ. ಕಿತ್ತಳೆ ಬಟ್ಟೆ ಹಾಕಿಕೊಂಡು ಟಾರ್ಪಾಲ್ ಹೊದಿಸಲು ಬರುತ್ತಾರಲ್ಲ, ಆ ಎಸ್‌ಇಎಸ್‌ (ರಾಜ್ಯದ ತುರ್ತು ಸೇವೆ) ನವರೂ ಹೆಚ್ಚಿನ ಪಾಲು ವಾಲಂಟಿಯರ್‌ಗಳೇ. ಬೀಚಿನಲ್ಲಿ ಕೆಂಪು-ಹಳದಿ ಬಾವುಟದ ನಡುವೆ ನಿಮ್ಮ ಮಗಳ ಮೇಲೆ ಕಣ್ಣಿಟ್ಟು ನಿಂತ ಹುಡುಗ ಭಾನುವಾರವಾದರೆ ಬಹುಶಃ ಮುಳುಗುವವರನ್ನು ಕಾಪಾಡುವ ಸರ್ಫ್ ಕ್ಲಬ್ಬಿನ ವಾಲಂಟಿಯರ್. (ಆ ಬಾವುಟಗಳ ಆಚೆ ನೀರಿಗೆ ಇಳಿಯಲೇಬೇಡಿ. ಇದು ಬೇರೆ ವಿಷಯ, ಆದರೂ ಹೇಳದೆ ಇರಲಾರೆ.)

ಅಂದರೆ ಇಲ್ಲಿ ವಾಲಂಟಿಯರ್ ಕೆಲಸ ಉಳ್ಳವರು ಇಲ್ಲದವರಿಗೆ ಮಾಡುವ ಧರ್ಮ ಅಂತ ಯಾರೂ ನೋಡುವುದಿಲ್ಲ. ಬೀದಿಯ ಎಷ್ಟೋ ಕೆಲಸ ನಡೆಯುವುದೇ ಅದರಿಂದ. ಬೆಂಕಿ, ನೆರೆ ಬಂದಾಗ ಹೀಗೆ ಹೋಗುವ ನೌಕರರಿಗೆ ಕಂಪನಿಗಳು ರಜೆ ಕೊಡಬೇಕು ಅಂತ ಕಾನೂನೇ ಇದೆ. ಸಂಬಳ ಇರಲ್ಲ, ಆದರೆ ಕೆಲಸ ಹೋಗಲ್ಲ.

ನಮ್ಮವರಿಗೆ ಇದು ಹೊಸದೇನಲ್ಲ. ನಮ್ಮೂರ ಮದುವೆಯಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತವರೆಲ್ಲ ಬಡಿಸುವವರೇ ಅಲ್ವಾ. ದುಗ್ಗಮ್ಮನ ಜಾತ್ರೆಗೆ ಬಂದವರಿಗೆ ನೀರು ಕೊಡಲು ನಿಂತವರನ್ನು ಯಾರು ನೇಮಿಸಿದ್ದರು? ವ್ಯತ್ಯಾಸ ಒಂದೇ. ಇಲ್ಲಿ ಅದಕ್ಕೂ ರೋಸ್ಟರ್, ಅಂದರೆ ಯಾರು ಯಾವತ್ತು ಬರಬೇಕು ಅನ್ನುವ ಪಟ್ಟಿ ಇರುತ್ತದೆ, ಬಂದಾಗ ಹೋಗುವಾಗ ಸಹಿ ಹಾಕುವ ಪುಸ್ತಕ ಇರುತ್ತದೆ, ಮೊದಲ ದಿನ ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು ಅಂತ ತೋರಿಸುತ್ತಾರೆ. ಬಿದ್ದು ಕೈ ಮುರಿದರೆ ಸಾಮಾನ್ಯವಾಗಿ ವಿಮೆ ಇರುತ್ತದೆ. ‘ಮಂಗಳವಾರ ಬರುತ್ತೇನೆ’ ಅಂದಮೇಲೆ ಮಂಗಳವಾರ ಬರಬೇಕು. ಆಗದಿದ್ದರೆ ಮುಂಚೆ ಹೇಳಬೇಕು. ‘ನೆಂಟರು ಬಂದಿದ್ದರು’ ಅಂತ ಬುಧವಾರ ಹೇಳಿದರೆ ನಗುತ್ತಲೇ ‘ನೋ ವರೀಸ್’ ಅನ್ನುತ್ತಾರೆ. ಮುಂದಿನ ರೋಸ್ಟರ್‌ನಲ್ಲಿ ನಿಮ್ಮ ಹೆಸರು ಇರಲ್ಲ.

ನಾನು ಮೀಲ್ಸ್ ಆನ್ ವೀಲ್ಸ್‌ಗೆ ಹೋಗುತ್ತೇನೆ. ಒಂಟಿಯಾಗಿ ಇರುವ ವಯಸ್ಸಾದವರ ಮನೆಗೆ ಊಟ ತಲುಪಿಸುವ ಕೆಲಸ. ಈ ದೇಶದಲ್ಲಿ 1953ರಲ್ಲಿ ಸೌತ್ ಮೆಲ್ಬರ್ನ್‌ನಲ್ಲಿ ಒಬ್ಬ ಹೆಣ್ಣುಮಗಳು ಮೂರು ಗಾಲಿಯ ಸೈಕಲ್ ಮೇಲೆ ಶುರು ಮಾಡಿದ್ದು. ಈಗ ಕಾರು. ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ಇಳಿದು ಡಬ್ಬಿ ಕೊಟ್ಟು ಬರುತ್ತಾರೆ. ಹಾಗೆ ಇಳಿಯುವವರನ್ನು ಜಾಕಿ ಅಂತ ಕರೆಯುತ್ತಾರೆ. ನಾನು ಜಾಕಿ. ಕೈಯಲ್ಲಿ ಪಟ್ಟಿ ಇರುತ್ತದೆ: ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಊಟ ಮೆತ್ತಗಿರಬೇಕು, ಯಾರ ನಾಯಿ ಕಚ್ಚುತ್ತದೆ. ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟರು. ಬಾಗಿಲು ತೆಗೆಯದಿದ್ದರೆ ಊಟವನ್ನು ಹೊರಗಿಟ್ಟು ಬರಬಾರದು. ಆಫೀಸಿಗೆ ಫೋನ್ ಮಾಡಬೇಕು, ಅವರು ಮನೆಯವರಿಗೆ ಮಾಡುತ್ತಾರೆ. ಊಟ ಒಂದು ನೆಪ. ಇವತ್ತು ಆ ಮನೆಯವರು ಎದ್ದು ಓಡಾಡುತ್ತಿದ್ದಾರಾ ಅಂತ ನೋಡುವುದೇ ಅರ್ಧ ಕೆಲಸ.

ಒಂದು ಸಲ ಇಟಲಿ ಕಡೆಯ ಅಜ್ಜಿಯೊಬ್ಬರು ಎಷ್ಟು ಬಡಿದರೂ ಬಾಗಿಲು ತೆಗೆಯಲಿಲ್ಲ. ಒಳಗೆ ಟಿವಿ ಜೋರಾಗಿ ಕೂಗುತ್ತಿತ್ತು. ಫೋನ್ ಹೋಯಿತು, ಮಗ ಪೆನ್ರಿತ್‌ನಿಂದ ಹೊರಟ. ಅಷ್ಟರಲ್ಲಿ ಪಕ್ಕದ ಮನೆಯವರು ಬೇಲಿ ಮೇಲಿಂದ ಇಣುಕಿ ‘ಅಗೋ ಅಲ್ಲಿದ್ದಾರೆ’ ಅಂದರು. ಅಜ್ಜಿ ಹಿತ್ತಲಲ್ಲಿ ಟೊಮೆಟೊಗೆ ನೀರು ಬಿಡುತ್ತಿದ್ದರು, ಕಿವಿ ಮಷಿನ್ ಅಡುಗೆಮನೆಯ ಮೇಜಿನ ಮೇಲಿತ್ತು. ಮಗನನ್ನು ಯಾಕೆ ಹೆದರಿಸಿದಿರಿ ಅಂತ ನನಗೇ ಬೈದು, ಒಂದು ಚೀಲ ಟೊಮೆಟೊ ಕೊಟ್ಟು ಕಳಿಸಿದರು. ಅವತ್ತು ಸಾರು ಚೆನ್ನಾಗಿ ಆಯಿತು.

ನಿಮಗೆ ಕಾರು ಓಡಿಸಲು ಬರದಿದ್ದರೂ ಜಾಕಿ ಆಗಬಹುದು. ಆದರೆ ನೀವು ಲೆಕ್ಕದವರು. ನಿಮಗೆ ಮೊದಲು ಹೇಳುವುದು ಮಗಳ ಶಾಲೆಯ ಪಿ ಆಂಡ್ ಸಿ, ಅಂದರೆ ಪೋಷಕರ ಸಂಘ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ದೊಡ್ಡ ಜಾಗ ಇದೆ. ಎಷ್ಟೋ ಕಡೆ ಕ್ಯಾಂಟೀನು, ಯೂನಿಫಾರ್ಮ್ ಅಂಗಡಿ ಎಲ್ಲ ಇವರೇ ನಡೆಸುತ್ತಾರೆ. ಮತದಾನ ಇಲ್ಲಿ ಕಡ್ಡಾಯ. ಚುನಾವಣೆಯ ದಿನ ಊರಿಗೆ ಊರೇ ಶಾಲೆಗೆ ಬರುತ್ತದೆ, ಇವರು ಗೇಟಿನ ಹತ್ತಿರ ಕೇಕು, ಸಾಸೇಜು ಮಾರಿ ಮಕ್ಕಳಿಗೆ ಫ್ಯಾನೋ ಪುಸ್ತಕವೋ ತರುತ್ತಾರೆ. ಈ ಸಂಘದ ವಾರ್ಷಿಕ ಸಭೆಗೆ ಹೋಗಿ ನೋಡಿ. ಅಧ್ಯಕ್ಷರು ಯಾರು ಅಂದಾಗ ಒಬ್ಬರು ಕೈ ಎತ್ತುತ್ತಾರೆ. ಕಾರ್ಯದರ್ಶಿಗೂ ಯಾರೋ ಸಿಗುತ್ತಾರೆ. ‘ಟ್ರೆಷರರ್?’ ಅಂದ ಕೂಡಲೇ ಎಲ್ಲರಿಗೂ ಮೊಬೈಲ್‌ನಲ್ಲಿ ಏನೋ ತುರ್ತು ಕೆಲಸ ಬಂದುಬಿಡುತ್ತದೆ. ಆಗ ಮೂಲೆಯಿಂದ ಒಬ್ಬ ಹೊಸಬರು ‘ನಾನು ಅಕೌಂಟ್ಸ್ ಮಾಡಿದ್ದೀನಿ, ಸಹಾಯ ಮಾಡಬಹುದು’ ಅಂದರೆ, ಅವರ ಹೆಸರನ್ನು ಆಮೇಲೆ ಯಾರೂ ತಪ್ಪಾಗಿ ಕರೆಯಲ್ಲ. ಮೊದಲ ವರ್ಷ ಖಜಾಂಚಿ ಆಗಲೇಬೇಡಿ, ಇರುವವರ ಜೊತೆ ಕೂತು ಕಲಿಯಿರಿ. ಕ್ಯಾಂಟೀನಿನ ದಿನದ ಹಣ ಎಣಿಸುವುದು, ಬ್ಯಾಂಕಿಗೆ ತಾಳೆ ನೋಡುವುದು, ಆಡಿಟ್‌ಗೆ ರಸೀದಿ ಜೋಡಿಸುವುದು ನಿಮಗೆ ನೀರು ಕುಡಿದಷ್ಟು ಸುಲಭ. ಟ್ಯಾಲಿ ಇಲ್ಲಿ ಯಾರಿಗೂ ಗೊತ್ತಿಲ್ಲ. ಮೈಯೋಬ್ (MYOB), ಝೀರೋ (Xero) ಅನ್ನುವ ಸಾಫ್ಟ್‌ವೇರ್‌ಗಳು ನಡೆಯುತ್ತವೆ. ಶಾಲೆಯವರು ಅವುಗಳಲ್ಲಿ ಒಂದನ್ನು ಬಳಸುತ್ತಿದ್ದರೆ ಕೈ ಪಳಗಿಸಿಕೊಳ್ಳಿ. ಸ್ವಲ್ಪ ನೆಲೆಯಾದಮೇಲೆ ತೆರಿಗೆ ಇಲಾಖೆಯ ಟ್ಯಾಕ್ಸ್ ಹೆಲ್ಪ್ ಅನ್ನುವ ಯೋಜನೆಯನ್ನೂ ವಿಚಾರಿಸಿ. ಜುಲೈನಿಂದ ಅಕ್ಟೋಬರ್‌ವರೆಗೆ ಕಡಿಮೆ ಆದಾಯದವರಿಗೆ ರಿಟರ್ನ್ ತುಂಬಲು ವಾಲಂಟಿಯರ್‌ಗಳು ಸಹಾಯ ಮಾಡುತ್ತಾರೆ, ತರಬೇತಿ ಇಲಾಖೆಯದ್ದೇ.

ಲೋಕಲ್ ಎಕ್ಸ್‌ಪೀರಿಯನ್ಸ್ ಅನ್ನುವ ಭೂತಕ್ಕೆ ಇದು ಮದ್ದಾ? ಅರ್ಧ ಮದ್ದು. ವಾಲಂಟಿಯರ್ ಮಾಡಿದ ಕೂಡಲೇ ಕೆಲಸ ಸಿಗುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಆದರೆ ಇಲ್ಲಿ ಸಾಮಾನ್ಯವಾಗಿ ಅರ್ಜಿಯ ಜೊತೆ ಇಬ್ಬರು ರೆಫರಿಗಳ, ಅಂದರೆ ನಿಮ್ಮ ಕೆಲಸ ನೋಡಿ ಬಲ್ಲವರ ಹೆಸರು ಕೇಳುತ್ತಾರೆ, ಫೋನ್ ಮಾಡಿ ವಿಚಾರಿಸುತ್ತಾರೆ. ದಾವಣಗೆರೆಯ ನಿಮ್ಮ ಹಳೆಯ ಬಾಸ್‌ಗೆ ಇವರು ಫೋನ್ ಮಾಡುವುದು ಅನುಮಾನ. ‘ಈಕೆ ವಾರ ವಾರ ತಪ್ಪದೆ ಬಂದಳು, ಲೆಕ್ಕ ಒಂದು ಸೆಂಟ್ ತಪ್ಪಲಿಲ್ಲ’ ಅಂತ ಇಲ್ಲಿನ ದನಿಯೊಂದು ಹೇಳಿದರೆ ಅದಕ್ಕೆ ತೂಕ ಬೇರೆ. ಕೆಲವು ತಿಂಗಳು ಆಗುವವರೆಗೆ ಆ ಮಾತು ಕೇಳಬೇಡಿ, ಆಮೇಲೆ ಧೈರ್ಯವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹಾಂ, ಕಾಲೇಜಿನ ಎನ್‌ಎಸ್‌ಎಸ್ ಕ್ಯಾಂಪ್ ಬರೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಬರೆಯಿರಿ. ಹೆಸರು ಹಾಕಿ ಬಿಡಬೇಡಿ, ಏನು ಮಾಡಿದಿರಿ ಅಂತ ಒಂದು ಸಾಲು ಸೇರಿಸಿ.

ಕನ್ನಡ ಸಂಘದಲ್ಲಿ ಕೆಲಸ ಮಾಡಿದರೆ ಸಾಲದಾ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ. ಮಾಡಿ. ಭಾನುವಾರದ ಕನ್ನಡ ಶಾಲೆಗೆ ಕಲಿಸುವವರು ಯಾವಾಗಲೂ ಕಡಿಮೆ, ನಿಮ್ಮಂಥವರು ಬಂದರೆ ಹೊತ್ತುಕೊಂಡು ಮೆರೆಸುತ್ತಾರೆ. ರಾಜ್ಯೋತ್ಸವಕ್ಕೆ ಇನ್ನೂರು ಜನಕ್ಕೆ ಬಿಸಿಬೇಳೆಬಾತ್ ಬಡಿಸಿದರೆ ಮನಸ್ಸೂ ಹಗುರ. ಆದರೆ ಅಲ್ಲಿಗೇ ನಿಲ್ಲಬೇಡಿ. ನಮ್ಮವರು ನಮ್ಮವರಿಗೇ ಮಾಡುವುದರಲ್ಲಿ ಗಟ್ಟಿಗರು, ಸಂಘದ ಗೇಟು ದಾಟುವುದರಲ್ಲಿ ಸ್ವಲ್ಪ ಹಿಂದೆ. ಈ ವಿಷಯದಲ್ಲಿ ಸಿಖ್ಖರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಆ 2019-20ರ ಬೆಂಕಿಯಲ್ಲಿ ಮೆಲ್ಬರ್ನ್ ಕಡೆಯ ಸಿಖ್ ವಾಲಂಟಿಯರ್ಸ್ ವ್ಯಾನಿನಲ್ಲಿ ಅಡುಗೆ ಸಾಮಾನು ತುಂಬಿಕೊಂಡು ವಿಕ್ಟೋರಿಯಾದ ಬೇರ್ನ್ಸ್‌ಡೇಲ್ ಊರಿಗೆ ಹೋಗಿ, ಮನೆ ಬಿಟ್ಟು ಬಂದವರಿಗೆ ಬಿಸಿ ಊಟ ಹಾಕಿದರು. ನಮ್ಮ ಪಶ್ಚಿಮ ಸಿಡ್ನಿಯದ್ದೇ ಟರ್ಬನ್ಸ್ ಫಾರ್ ಆಸ್ಟ್ರೇಲಿಯಾ. ಅದನ್ನು ಕಟ್ಟಿದ ಅಮರ್ ಸಿಂಗ್ ಅವರಿಗೆ 2023ರಲ್ಲಿ ಲೋಕಲ್ ಹೀರೋ ಅಂತ ರಾಷ್ಟ್ರ ಮಟ್ಟದ ಪ್ರಶಸ್ತಿ ಬಂತು. ಅವರಲ್ಲಿ ದಿನಸಿ ಪೊಟ್ಟಣ ಕಟ್ಟಲು ಯಾರು ಹೋದರೂ ಸೇರಿಸಿಕೊಳ್ಳುತ್ತಾರೆ, ಪೇಟ ಇರಲೇಬೇಕು ಅಂತಿಲ್ಲ.

ಒಮ್ಮೆಗೇ ವಾರದ ಬದ್ಧತೆ ಬೇಡ, ಮೊದಲು ರುಚಿ ನೋಡೋಣ ಅನ್ನಿಸಿದರೆ ಮಾರ್ಚ್ ತಿಂಗಳ ಮೊದಲ ಭಾನುವಾರ ಕ್ಲೀನ್ ಅಪ್ ಆಸ್ಟ್ರೇಲಿಯಾ ದಿನ. ಇಯಾನ್ ಕಿಯರ್ನನ್ ಅನ್ನುವವರು ಹಾಯಿದೋಣಿಯಲ್ಲಿ ಒಬ್ಬರೇ ಜಗತ್ತು ಸುತ್ತುವಾಗ ನಡುಸಮುದ್ರದಲ್ಲಿ ತೇಲುತ್ತಿದ್ದ ಕಸ ಕಂಡು ರೋಸಿಹೋದರು. 1989ರಲ್ಲಿ ಅವರು ಕರೆದಾಗ ಸಿಡ್ನಿಯ ಬಂದರನ್ನು ಶುಚಿ ಮಾಡಲು 40 ಸಾವಿರ ಜನ ಸೇರಿದರಂತೆ. ಮರುವರ್ಷದಿಂದ ದೇಶಕ್ಕೆಲ್ಲ ಹಬ್ಬಿತು. ಹತ್ತಿರದ ಪಾರ್ಕು, ತೊರೆ ಯಾವುದಾದರೂ ಇರುತ್ತದೆ. ಮಗಳನ್ನೂ ಕರೆದುಕೊಂಡು ಹೋಗಿ.

ಇನ್ನು ಬನ್ನಿಂಗ್ಸ್ ಅನ್ನುವ ಹಾರ್ಡ್‌ವೇರ್ ಅಂಗಡಿಯ ಮುಂದೆ ವಾರಾಂತ್ಯದಲ್ಲಿ ಸಾಸೇಜ್ ಸುಡುವವರನ್ನು ನೋಡಿರುತ್ತೀರಿ. ಅವರು ಅಂಗಡಿಯವರಲ್ಲ. ಜಾಗ, ಒಲೆ ಅಂಗಡಿಯದ್ದು, ಬಂದ ದುಡ್ಡು ಅವತ್ತು ನಿಂತ ಶಾಲೆಗೋ ಕ್ಲಬ್ಬಿಗೋ. ಶುದ್ಧ ಸಸ್ಯಾಹಾರಿ ನಾನು ಹೇಗೆ ನಿಲ್ಲಲಿ ಅಂತ ಸಂಕೋಚ ಬೇಡ. ಮೊದಲೇ ಹೇಳಿ, ಗಲ್ಲಾ ಕೊಡುತ್ತಾರೆ, ಇಲ್ಲವೇ ಈರುಳ್ಳಿ. ಅಂದಹಾಗೆ ಈರುಳ್ಳಿಯನ್ನು ಬ್ರೆಡ್ಡಿನ ಮೇಲೆ ಹಾಕಿ ಅದರ ಮೇಲೆ ಸಾಸೇಜ್ ಇಡಬೇಕು. ಮೇಲಿಂದ ಜಾರಿ ಬಿದ್ದ ಈರುಳ್ಳಿ ಮೇಲೆ ಜನ ಜಾರಿ ಬೀಳಬಾರದು ಅಂತ 2018ರಲ್ಲಿ ಅಂಗಡಿ ಸೂಚನೆ ಹೊರಡಿಸಿತು, ಆ ವಿಷಯ ದೇಶದ ಸುದ್ದಿಯಾಯಿತು. ಈ ಜನ ಯಾವುದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಇದರಿಂದ ಗೊತ್ತಾಗುತ್ತದೆ.

ಕಾಗದಪತ್ರ ಜಾಸ್ತಿ ಇಲ್ಲ. ಮಕ್ಕಳ ಜೊತೆಗಿನ ಕೆಲಸಕ್ಕೆ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್, ಅಂದರೆ ಹಿನ್ನೆಲೆ ನೋಡಿ ಕೊಡುವ ಅನುಮತಿ ಬೇಕು. ಕನ್ನಡ ಶಾಲೆಗೂ ಬೇಕು. ರಾಜ್ಯ ಸರ್ಕಾರದ ಸರ್ವಿಸ್ ಎನ್‌ಎಸ್‌ಡಬ್ಲ್ಯೂನಲ್ಲಿ ಅರ್ಜಿ. ವಾಲಂಟಿಯರ್‌ಗೆ ಫೀಸು ಇಲ್ಲ, ಐದು ವರ್ಷ ನಡೆಯುತ್ತದೆ. ಮುಂದೆ ಸಂಬಳದ ಕೆಲಸಕ್ಕೆ ಬಳಸಬೇಕಾದರೆ ಆಗ ಫೀಸು ಕಟ್ಟಿ ಬದಲಾಯಿಸಿಕೊಳ್ಳಬೇಕು. ವಯಸ್ಸಾದವರ ಮನೆಗೆ ಹೋಗುವುದಾದರೆ ಪೊಲೀಸ್ ಚೆಕ್ ಕೇಳುತ್ತಾರೆ, ಅದನ್ನು ಸಾಮಾನ್ಯವಾಗಿ ಸಂಸ್ಥೆಯವರೇ ಮಾಡಿಸುತ್ತಾರೆ. ಇಂಥ ಕೆಲಸ ಹುಡುಕಲು ಸೀಕ್ ವಾಲಂಟಿಯರ್ ಅನ್ನುವ ವೆಬ್‌ಸೈಟ್ ಇದೆ, ಕೌನ್ಸಿಲ್ ಲೈಬ್ರರಿಯ ಬೋರ್ಡ್ ಇದೆ. ನಿಮ್ಮ ನಾದಿನಿ ಸ್ಟೂಡೆಂಟ್ ವೀಸಾದಲ್ಲಿ ಇದ್ದಾರೆ ಅಂದಿರಿ. ಲಾಭವಿಲ್ಲದ ಸಂಸ್ಥೆಯಲ್ಲಿ, ಸಂಬಳದವರು ಮಾಡದ ಕೆಲಸವನ್ನು ಅವರು ಪುಕ್ಕಟೆಯಾಗಿ ಮಾಡಿದರೆ ಅದು ಎರಡು ವಾರಕ್ಕೆ 48 ಗಂಟೆಯ ಮಿತಿಗೆ ಸೇರಲ್ಲ. ಆದರೆ ಶುರು ಮಾಡುವ ಮುಂಚೆ ವೀಸಾ ಷರತ್ತು ಒಂದು ಸಲ ಓದಿಕೊಳ್ಳಲಿ.

ಇಂಗ್ಲಿಷ್ ಬಗ್ಗೆ ಹೆದರಿಕೆ ಅಂತ ಬರೆದಿದ್ದೀರಿ. ಹಾಗಿದ್ದರೆ ಫೋನ್ ಎತ್ತಿ ಮಾತಾಡುವ ಕೆಲಸ ಮೊದಲಿಗೆ ಬೇಡ. ಆಪ್ ಶಾಪ್‌ಗೆ ಹೋಗಿ, ಅಂದರೆ ವಿನ್ನೀಸ್, ಸಾಲ್ವೋಸ್ ಥರದ ಹಳೆಯ ಬಟ್ಟೆ-ಸಾಮಾನಿನ ಅಂಗಡಿ. ಹಿಂದಿನ ಕೋಣೆಯಲ್ಲಿ ಚೀಲ ಬಿಚ್ಚಿ ಬಟ್ಟೆ ಬೇರೆ ಮಾಡುವ ಕೆಲಸ ಇರುತ್ತದೆ. ಜಿಪ್ ಎಳೆದು ನೋಡು, ಕಂಕುಳ ಕಲೆ ನೋಡು, ಜೇಬು ತಡಕು, ಹರಿದಿದ್ದು ಒರೆಸುವ ಬಟ್ಟೆಯ ಮೂಟೆಗೆ. ಕೈ ಕೆಲಸ ಮಾಡುತ್ತಾ ಇದ್ದರೆ ಬಾಯಿ ತಾನಾಗಿ ಬಿಡುತ್ತದೆ. ಮೇಜಿನ ಆಚೆ ನಿಂತ ಎಪ್ಪತ್ತು ದಾಟಿದ ಹೆಂಗಸು ತಮ್ಮ ಸೊಸೆಯ ಬಗ್ಗೆ ದೂರಲು ಶುರು ಮಾಡಿದರೆ ನಿಮಗೆ ಒಂದು ಪದವೂ ತಪ್ಪದೆ ಅರ್ಥವಾಗುತ್ತದೆ ನೋಡಿ.

ಚೂಡಿದಾರದಲ್ಲಿ ಹೋಗಬಹುದಾ ಅಂತ ಕೊನೆಗೆ ಕೇಳಿದ್ದೀರಿ. ಹೋಗಿ, ಯಾರೂ ಏನೂ ಅನ್ನಲ್ಲ. ದುಪಟ್ಟಾ ಮಾತ್ರ ಮನೆಯಲ್ಲಿ ಬಿಡಿ. ಕಾಲಿಗೆ ಮುಚ್ಚಿದ ಶೂ ಇರಲೇಬೇಕು. ಚಪ್ಪಲಿಯಲ್ಲಿ ಹೋದರೆ ಮೊದಲ ದಿನವೇ ನಯವಾಗಿ ವಾಪಸ್ ಕಳಿಸುತ್ತಾರೆ. ಕೆಮಾರ್ಟ್‌ನಲ್ಲಿ ಅಗ್ಗದ ಜೋಡಿ ಸಿಗುತ್ತದೆ. ಪಿ ಆಂಡ್ ಸಿ ಸಭೆ ಯಾವತ್ತು ಅಂತ ಶಾಲೆಯ ಆಫೀಸಿನಲ್ಲಿ ಕೇಳಿ, ಸೋಮವಾರ ಮಗಳನ್ನು ಬಿಡಲು ಹೋದಾಗಲೇ ಕೇಳಿ.