ದೊಡ್ಡ ಡೇಟಾಬೇಸಿನ ಬ್ಯಾಕಪ್ ತೆಗೆಯುವಾಗ ಮೆಮೊರಿ ತುಂಬಿದರೆ ರ‍್ಯಾಮ್ ಹೆಚ್ಚಿಸಬೇಕೇ?

ನೀವು ಕೇಳಿರುವುದು ಇಷ್ಟು: 8 ಜಿಬಿ ರ‍್ಯಾಮ್ ಇರುವ ಲಿನಕ್ಸ್ ಸರ್ವರಿನಲ್ಲಿ 60 ಜಿಬಿಯ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಅದರ ಬ್ಯಾಕಪ್ ಕಡತ ಬರೆಯುವ ಮೈಎಸ್‌ಕ್ಯೂಎಲ್‌ಡಂಪ್ ಓಡಿಸಿದರೆ ಮೆಮೊರಿ ತುಂಬಿ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ರ‍್ಯಾಮ್ ಹೆಚ್ಚಿಸಬೇಕೇ? ಅದಕ್ಕೆ ಹಣ ಹಾಕುವ ಮೊದಲು ನಿಮ್ಮ ಕಮಾಂಡನ್ನು ಪದಪದವಾಗಿ ಓದಿ ನೋಡಿ.

ಕಲಬುರಗಿಯ ನೆಹರೂ ಗಂಜಿನಲ್ಲಿರುವ ಒಂದು ಅಡತ ಅಂಗಡಿಯ ಲೆಕ್ಕದ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ತೊಗರಿಯ ತೂಕದ ಚೀಟಿಗಳನ್ನು ಸ್ಕ್ಯಾನ್ ಮಾಡಿ ಟೇಬಲಿನೊಳಗೇ ಇಟ್ಟಿರುವುದರಿಂದ ಆ ಒಂದು ಟೇಬಲ್ಲೇ ರ‍್ಯಾಮಿಗಿಂತ ದೊಡ್ಡದಾಗಿ ಬೆಳೆದಿದೆ. ಕಳೆದ ಹಂಗಾಮಿನಲ್ಲಿ ನನಗೂ ಇದೇ ತೊಂದರೆ ಬಂತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ ಕಾರಣ, ನನಗಿಂತ ಮೊದಲಿನವರು ಸ್ಕ್ರಿಪ್ಟಿನಲ್ಲಿ ಸೇರಿಸಿದ್ದ ‘ಸ್ಕಿಪ್-ಆಪ್ಟ್’ ಎಂಬ ಆಯ್ಕೆ. ಪ್ರತಿ ದಾಖಲೆಗೂ ಪ್ರತ್ಯೇಕ ಇನ್ಸರ್ಟ್ (ದಾಖಲೆ ಸೇರಿಸುವ ಆಜ್ಞೆ) ಸಾಲು ಬರಲಿ ಎಂದು ಅವರು ಅದನ್ನು ಹಾಕಿದ್ದರು. ಆದರೆ ಅದು ತಾನಾಗಿಯೇ ಜಾರಿಯಲ್ಲಿರುವ ‘ಕ್ವಿಕ್’ ಆಯ್ಕೆಯನ್ನೂ ಜೊತೆಗೆ ತೆಗೆದುಹಾಕುತ್ತದೆ. ಕ್ವಿಕ್ ಇದ್ದಾಗ ಡಂಪ್ ಒಂದೊಂದೇ ದಾಖಲೆಯನ್ನು ತರಿಸಿಕೊಂಡು ಬರೆದು ಮುಂದೆ ಸಾಗುತ್ತದೆ. ಅದು ಇಲ್ಲದಿದ್ದರೆ ಇಡೀ ಟೇಬಲನ್ನು ಮೊದಲು ಮೆಮೊರಿಯಲ್ಲಿ ಕೂಡಿಟ್ಟುಕೊಂಡು ಆಮೇಲೆ ಬರೆಯಲು ತೊಡಗುತ್ತದೆ. ಪ್ರತ್ಯೇಕ ಸಾಲುಗಳೇ ಬೇಕಿದ್ದರೆ ‘ಸ್ಕಿಪ್-ಎಕ್ಸ್‌ಟೆಂಡೆಡ್-ಇನ್ಸರ್ಟ್’ ಒಂದೇ ಸಾಕು. ನಾನು ಅಷ್ಟನ್ನು ಬದಲಿಸಿದ ಮೇಲೆ ಡಂಪ್ ಬಳಸುವ ಮೆಮೊರಿ ಟೇಬಲಿನ ಗಾತ್ರಕ್ಕೆ ತಕ್ಕಂತೆ ಏರುವುದು ನಿಂತಿತು.

ಇನ್ನೋಡಿಬಿ (ಮೈಎಸ್‌ಕ್ಯೂಎಲ್ ತಾನಾಗಿಯೇ ಬಳಸುವ ಶೇಖರಣಾ ವಿಧಾನ) ಟೇಬಲುಗಳಾದರೆ ಇದರೊಂದಿಗೆ ‘ಸಿಂಗಲ್-ಟ್ರಾನ್ಸಾಕ್ಷನ್’ ಸೇರಿಸಿ. ಟೇಬಲುಗಳಿಗೆ ಬೀಗ ಬೀಳದೆ, ಆರಂಭದ ಕ್ಷಣದಲ್ಲಿದ್ದ ಸ್ಥಿತಿಯೇ ಬ್ಯಾಕಪ್ಪಿಗೆ ಬರುತ್ತದೆ. ಅದು ಮುಗಿಯುವವರೆಗೂ ಬದಲಾದ ದಾಖಲೆಗಳ ಹಳೆಯ ಆವೃತ್ತಿಗಳು ಉಳಿದುಕೊಳ್ಳಬೇಕಾದ್ದರಿಂದ ವ್ಯವಹಾರ ಕಡಿಮೆ ಇರುವ ರಾತ್ರಿ ಹೊತ್ತಿನಲ್ಲಿ ಓಡಿಸುವುದು ಒಳ್ಳೆಯದು. ನಮ್ಮ ಗಂಜಿನಲ್ಲಿ ಹಂಗಾಮಿನ ಹಗಲು ಬ್ಯಾಕಪ್ ಮುಟ್ಟುವ ಪ್ರಶ್ನೆಯೇ ಇಲ್ಲ.

ಸಂಕುಚಿಸುವ ಉಪಕರಣವನ್ನೂ ಗಮನಿಸಿ. ಜಿಜಿಪ್ ಬಳಸುವ ಮೆಮೊರಿ ತೀರ ಅಲ್ಪ. ಎಕ್ಸ್‌ಝಡ್ ಮಾತ್ರ 6ನೆಯ ಮಟ್ಟದಲ್ಲಿ ಒಂದು ಎಳೆಗೆ (ಥ್ರೆಡ್) ಸುಮಾರು 94 ಎಂಬಿ, 9ನೆಯ ಮಟ್ಟದಲ್ಲಿ 674 ಎಂಬಿ ಕೇಳುತ್ತದೆ, ಎಳೆಗಳನ್ನು ಹೆಚ್ಚಿಸಿದರೆ ಅದು ಇನ್ನೂ ಏರುತ್ತದೆ. ‘ಫ್ರೀ’ ಕಮಾಂಡಿನಲ್ಲಿ ಖಾಲಿ ಜಾಗ ಕಡಿಮೆ ಕಂಡರೆ ಗಾಬರಿಯಾಗಬೇಡಿ. ಉಳಿದ ಜಾಗದ ಒಂದು ಪಾಲನ್ನು ಬೇಕಾದಾಗ ಬಿಟ್ಟುಕೊಡಬಹುದಾದ ಕಡತಗಳ ಕ್ಯಾಶ್ ತುಂಬಿರುತ್ತದೆ, ನೋಡಬೇಕಾದದ್ದು ‘ಅವೈಲಬಲ್’ ಕಾಲಮನ್ನು. ನಿಜವಾಗಿಯೂ ಮೆಮೊರಿ ಮುಗಿದಿದ್ದರೆ ಕರ್ನೆಲ್ ಯಾವ ಪ್ರಕ್ರಿಯೆಯನ್ನು ಕೊಂದಿತು ಎಂಬುದು ‘ಡಿಮೆಸೇಜ್’ (dmesg) ಕಮಾಂಡಿನಲ್ಲಿ ಸಿಗುತ್ತದೆ. ಸತ್ತದ್ದು ಡಂಪ್ ಅಲ್ಲದೆ ಮೈಎಸ್‌ಕ್ಯೂಎಲ್ ಸರ್ವರೇ ಆಗಿದ್ದರೆ ಸರ್ವರ್ ದತ್ತಾಂಶ ಇಟ್ಟುಕೊಳ್ಳುವ ಮೆಮೊರಿಯಾದ ಬಫರ್ ಪೂಲನ್ನು ರ‍್ಯಾಮಿಗೆ ಮೀರಿ ಕೊಟ್ಟಿದ್ದೀರಾ ಎಂದು ಪರೀಕ್ಷಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಡಂಪನ್ನು ಪೈಪಿನ ಮೂಲಕ ಜಿಜಿಪ್ಪಿಗೆ ಕೊಟ್ಟಿದ್ದರೆ, ಡಂಪ್ ನಡುವೆ ಸತ್ತರೂ ಜಿಜಿಪ್ ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮುಗಿಸುವುದರಿಂದ ಅರ್ಧ ಕಡತವೂ ಪೂರ್ಣವಾದದ್ದರಂತೆ ಕಾಣುತ್ತದೆ. ಆದ್ದರಿಂದ ಬ್ಯಾಷ್ ಸ್ಕ್ರಿಪ್ಟಿನಲ್ಲಿ, ಪೈಪಿನ ಯಾವುದೇ ಭಾಗ ಸೋತರೂ ಇಡೀ ಸಾಲು ಸೋತಿತೆಂದು ತಿಳಿಸುವ ‘ಪೈಪ್‌ಫೇಲ್’ ಹಾಕಿ, ಮತ್ತು ಈವರೆಗೆ ಉಳಿಸಿಕೊಂಡಿರುವ ಹಳೆಯ ಕಡತಗಳನ್ನು ಬಿಚ್ಚಿ ಕೊನೆಯಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಸಾಲು ಇದೆಯೇ ಎಂದು ಇಂದೇ ನೋಡಿ.