ಸ್ಪಂಜಿನಲ್ಲಿ ಸಿಕ್ಕ ಅಣು ಔಷಧವಾಗಲು ಅಷ್ಟು ವರ್ಷ ಏಕೆ ಹಿಡಿಯುತ್ತದೆ?

ತಾವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಸಮುದ್ರಜೀವಿಗಳ ಸಂಯುಕ್ತಗಳ ಮೇಲೆ ಕೆಲಸ ಮಾಡುವ ಸಾವಯವ ರಸಾಯನಶಾಸ್ತ್ರಜ್ಞರು ನಿಜವಾಗಿ ಮಾಡುವುದೇನು ಎಂಬುದು ಒಂದು. ಸ್ಪಂಜು ಎಂಬ ಸರಳ ಸಮುದ್ರಪ್ರಾಣಿಯೊಂದರಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಅಣು ಸಿಕ್ಕಿತೆಂಬ ಸುದ್ದಿ ಬಂದ ಮೇಲೆ ಅದು ರೋಗಿಗೆ ತಲುಪಲು ಇಪ್ಪತ್ತು, ಮೂವತ್ತು ವರ್ಷ ಏಕೆ ಬೇಕಾಗುತ್ತದೆ ಎಂಬುದು ಇನ್ನೊಂದು. ಹಲವು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಸಮುದ್ರ ನಮಗೆ ಕೊಡುವುದು ಬಹಳ ಸ್ವಲ್ಪ. ಆ ಸ್ವಲ್ಪದಲ್ಲೇ ಅಣುವಿನ ರಚನೆಯನ್ನು ಖಚಿತಪಡಿಸಿಕೊಂಡು, ಆಮೇಲೆ ಸಮುದ್ರಕ್ಕೆ ಮತ್ತೆ ಕೈಹಾಕದೆ ಅದನ್ನು ಬೇಕಾದಷ್ಟು ತಯಾರಿಸುವ ದಾರಿ ಹುಡುಕುವುದೇ ನಮ್ಮ ಕೆಲಸ, ಮತ್ತು ಕಾಲದ ದೊಡ್ಡ ಪಾಲು ಕಳೆದುಹೋಗುವುದೂ ಅಲ್ಲಿಯೇ.

ಈ ಅಣುಗಳು ಅಲ್ಲಿ ಏಕಿವೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸ್ಪಂಜು ಬಂಡೆಗೆ ಅಂಟಿಕೊಂಡೇ ಬದುಕುತ್ತದೆ. ಓಡುವಂತಿಲ್ಲ, ಚಿಪ್ಪಿನೊಳಗೆ ಅಡಗುವಂತಿಲ್ಲ. ತಿನ್ನಬಂದ ಮೀನನ್ನೂ ಮೇಲೆ ಹಬ್ಬಬಂದ ನೆರೆಯ ಜೀವಿಯನ್ನೂ ತಡೆಯಲು ಅದಕ್ಕಿರುವ ಮುಖ್ಯ ಆಯುಧವೇ ರಸಾಯನ. ಸುತ್ತಲಿನ ನೀರಿನಲ್ಲಿ ಬೆರೆತು ತೆಳುವಾದ ಮೇಲೂ ಅದು ಕೆಲಸ ಮಾಡಬೇಕಾಗಿರುವುದರಿಂದ ಇಂಥ ಹಲವು ಸಂಯುಕ್ತಗಳು ಅತ್ಯಲ್ಪ ಪ್ರಮಾಣದಲ್ಲೇ ತೀವ್ರವಾಗಿರುತ್ತವೆ. ಇವುಗಳಲ್ಲಿ ಎಷ್ಟೋ ಅಣುಗಳನ್ನು ತಯಾರಿಸುವುದು ಸ್ಪಂಜಲ್ಲ, ಅದರ ಒಡಲಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುವುದರಿಂದ, ನೆಲದ ಸಸ್ಯಗಳಲ್ಲಿ ತೀರ ಅಪರೂಪವಾದ ಬ್ರೋಮಿನ್ ಪರಮಾಣು ಇಲ್ಲಿಯ ಅಣುಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಪ್ರಾಚೀನ ರೋಮಿನ ಅರಸರು ಉಡುತ್ತಿದ್ದ ನೇರಳೆ ಬಟ್ಟೆಯ ಬಣ್ಣವೂ ಅಂಥದ್ದೇ. ರಸಾಯನಶಾಸ್ತ್ರಜ್ಞ ಪಾಲ್ ಫ್ರೀಡ್‌ಲ್ಯಾಂಡರ್ 1909ರಲ್ಲಿ 12,000 ಸಮುದ್ರ ಬಸವನಹುಳುಗಳಿಂದ 1.4 ಗ್ರಾಂ ಬಣ್ಣ ತೆಗೆದು, ಅದು ಎರಡು ಬ್ರೋಮಿನ್ ಪರಮಾಣುಗಳಿರುವ ಇಂಡಿಗೊ ಎಂದು ತೋರಿಸಿದರು. ಇಳುವರಿಯ ಕಷ್ಟ ಆಗಲೇ ಶುರುವಾಗಿತ್ತು.

ಪ್ರಯೋಗಾಲಯದಲ್ಲಿ ನಡೆಯುವುದು ಹೀಗೆ. ಹೆಪ್ಪುಗಟ್ಟಿಸಿ ತಂದ ಸ್ಪಂಜನ್ನು ಕತ್ತರಿಸಿ ಮೆಥನಾಲ್‌ನಲ್ಲಿ ನೆನೆಸುತ್ತೇವೆ, ಸೋಸಿ ದ್ರಾವಕವನ್ನು ಆವಿಯಾಗಿಸುತ್ತೇವೆ. ಉಳಿಯುವುದು ಉಪ್ಪು, ಕೊಬ್ಬು, ಬಣ್ಣ ಎಲ್ಲ ಕಲೆತ ಕಂದು ಅಂಟು. ಅದನ್ನು ಬೇರೆ ಬೇರೆ ದ್ರಾವಕಗಳ ನಡುವೆ ಹಂಚಿ, ಸಿಲಿಕಾ ಪುಡಿ ತುಂಬಿದ ಕೊಳವೆಯಲ್ಲಿ (ಕಾಲಮ್) ಇಳಿಸಿ, ಬಂದ ಪ್ರತಿಯೊಂದು ಭಾಗವನ್ನೂ ಕೋಶಗಳ ಮೇಲೆ ಪರೀಕ್ಷಿಸಿ, ಪರಿಣಾಮ ಕಂಡ ಭಾಗವನ್ನಷ್ಟೇ ಮತ್ತೆ ಬಿಡಿಸುತ್ತಾ ಹೋಗುತ್ತೇವೆ. ಕೊನೆಗೆ ಗಾಜಿನ ಸಣ್ಣ ಸೀಸೆಯ ತಳದಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥ ಒಂದು ಪೊರೆ ಉಳಿಯುತ್ತದೆ. ಒಂದು ಮಿಲಿಗ್ರಾಂ ಇದ್ದರೆ ನಮ್ಮ ಪಾಲಿಗೆ ಅದು ಭಾಗ್ಯ.

ಆ ಒಂದು ಮಿಲಿಗ್ರಾಂ ಮೋಸವನ್ನೂ ಮಾಡಬಹುದು. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ತಿಂಗಳುಗಟ್ಟಲೆ ಶುದ್ಧಗೊಳಿಸಿದ ಒಂದು ಮಾದರಿಯ ಎನ್‌ಎಂಆರ್ ರೋಹಿತದಲ್ಲಿ (ಕಾಂತಕ್ಷೇತ್ರದಲ್ಲಿ ಪರಮಾಣುಗಳು ಕೊಡುವ ಸಂಕೇತಗಳ ನಕ್ಷೆ) 7.7 ಮತ್ತು 7.5ರ ಬಳಿ ಎರಡು ಅಂದವಾದ ಸಂಕೇತಗಳು ಕಂಡವು. ಅಣುವಿನ ತುಣುಕುಗಳ ತೂಕವನ್ನು ತೋರಿಸುವ ಮಾಸ್ ರೋಹಿತದಲ್ಲಿ 149ರ ಶಿಖರ ಎದ್ದು ನಿಂತಿತ್ತು. ಹೊಸ ಅಣುವೆಂದು ಹಿಗ್ಗಿದ್ದೆ. ಅದು ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬಳಸುವ ಥ್ಯಾಲೇಟ್. ದ್ರಾವಕ ಹಾಯ್ದ ಕೊಳವೆಯಿಂದ ಕರಗಿ ಬಂದಿತ್ತು. ಆ ದಿನ ಬಹಳ ನೊಂದೆ. ಅಂದಿನಿಂದ ಯಾವ ಮಾದರಿಯ ಜೊತೆಗೂ ಸ್ಪಂಜಿಲ್ಲದ, ಬರಿಯ ದ್ರಾವಕದ ಒಂದು ಮಾದರಿಯನ್ನು ಅದೇ ಹಾದಿಯಲ್ಲಿ ಓಡಿಸದೆ ನಾನು ಫಲಿತಾಂಶವನ್ನು ನಂಬುವುದಿಲ್ಲ.

ರಚನೆಯನ್ನು ಓದುವುದರಲ್ಲಿ ಬಹಳ ನುರಿತವರೂ ತಪ್ಪುತ್ತಾರೆ. ಡಯಾಜೊನಮೈಡ್ ಎ ಎಂಬ ಸಂಯುಕ್ತದ ರಚನೆ 1991ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳ ನಂತರ, 2001ರಲ್ಲಿ, ಪ್ಯಾಟ್ರಿಕ್ ಹ್ಯಾರನ್ ಅವರ ತಂಡ ಆ ರಚನೆಯನ್ನೇ ಪ್ರಯೋಗಾಲಯದಲ್ಲಿ ಕಟ್ಟಿ ನೋಡಿದಾಗ ಅದು ಸಮುದ್ರದಿಂದ ಬಂದದ್ದಕ್ಕೆ ಹೊಂದಲಿಲ್ಲ, ರಚನೆಯನ್ನು ತಿದ್ದಬೇಕಾಯಿತು. ಸಂಶ್ಲೇಷಣೆ, ಅಂದರೆ ಸರಳ ವಸ್ತುಗಳಿಂದ ಅಣುವನ್ನು ಕಟ್ಟುವುದು, ಕೇವಲ ತಯಾರಿಕೆಯಲ್ಲ, ಅಣುವಿನ ಗುರುತಿಗೆ ಅದೇ ಅತ್ಯಂತ ಗಟ್ಟಿಯಾದ ಸಾಕ್ಷಿ ಎಂದು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನು ಪ್ರಮಾಣದ ಮಾತು. ಜಪಾನಿನ ಹಿರಾಟ ಮತ್ತು ಉಎಮುರ ಅವರು 1986ರಲ್ಲಿ ಹ್ಯಾಲಿಕಾಂಡ್ರಿನ್ ಬಿ ಎಂಬ ಅಣುವನ್ನು ವರದಿ ಮಾಡಿದರು. 600 ಕಿಲೋ ಸ್ಪಂಜಿನಿಂದ ಅವರಿಗೆ ಸಿಕ್ಕಿದ್ದು 12.5 ಮಿಲಿಗ್ರಾಂ. ಕ್ಯಾನ್ಸರ್ ಕೋಶಗಳ ಮೇಲೆ ಅದರ ಪರಿಣಾಮ ಅಸಾಧಾರಣವಾಗಿತ್ತು, ಆದರೆ ಈ ಲೆಕ್ಕದಲ್ಲಿ ಔಷಧ ಮಾಡಲು ಹೊರಟರೆ ಸ್ಪಂಜಿನ ಕುಲವೇ ಉಳಿಯುವುದಿಲ್ಲ. 1992ರಲ್ಲಿ ಯೋಶಿಟೊ ಕಿಶಿ ಅವರ ತಂಡ ಇಡೀ ಅಣುವನ್ನು ಸಂಶ್ಲೇಷಿಸಿತು. ಆ ದಾರಿಯಲ್ಲಿ ತಯಾರಾದ ತುಣುಕುಗಳನ್ನು ಪರೀಕ್ಷಿಸಿದಾಗ ತಿಳಿದ ಸಂಗತಿಯೇ ಈ ಕಥೆಯ ತಿರುವು: ಕೋಶವನ್ನು ತಡೆಯುವ ಶಕ್ತಿಯಿದ್ದುದು ಅಣುವಿನ ಒಂದು ಅರ್ಧದಲ್ಲಿ ಮಾತ್ರ, ಇನ್ನೊಂದು ಅರ್ಧವನ್ನು ಬಿಟ್ಟುಬಿಡಬಹುದಿತ್ತು. ಆ ಅರ್ಧವನ್ನು ತಿದ್ದಿ ರೂಪಿಸಿದ ಎರಿಬುಲಿನ್‌ಗೆ 2010ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಅದರಲ್ಲಿ 19 ಕೈರಲ್ ಕೇಂದ್ರಗಳಿವೆ, ಅಂದರೆ ಸುತ್ತಲಿನ ಗುಂಪುಗಳು ಎರಡು ಬಗೆಯಲ್ಲಿ ಜೋಡಣೆಯಾಗಬಹುದಾದ ಪರಮಾಣುಗಳು. ಒಂದೊಂದು ಕೇಂದ್ರವೂ ಎಡಕ್ಕೋ ಬಲಕ್ಕೋ ತಿರುಗಬಹುದಾದ್ದರಿಂದ ಲೆಕ್ಕದ ಪ್ರಕಾರ ಐದು ಲಕ್ಷಕ್ಕೂ ಹೆಚ್ಚು ರೂಪಗಳು ಸಾಧ್ಯ, ನಮಗೆ ಬೇಕಾದದ್ದು ಒಂದೇ ಒಂದು. ಅರವತ್ತಕ್ಕೂ ಹೆಚ್ಚು ಹಂತಗಳಲ್ಲಿ ಅದನ್ನು ಕಾರ್ಖಾನೆಯಲ್ಲಿ ಕಟ್ಟುತ್ತಾರೆ, ಒಂದು ಸ್ಪಂಜನ್ನೂ ಮುಟ್ಟದೆ. ಸಾವಯವ ರಸಾಯನಶಾಸ್ತ್ರ ಮಾಡಿರುವ ದೊಡ್ಡ ಕೆಲಸಗಳಲ್ಲಿ ಇದೂ ಒಂದೆಂದು ನಾನು ಎಣಿಸುತ್ತೇನೆ.

ಎಲ್ಲ ಅಣುಗಳೂ ಇಷ್ಟು ಕಾಡುವುದಿಲ್ಲ. ಕೋನ್ ಬಸವನಹುಳುವಿನ ವಿಷದಿಂದ ಬಂದ, ತೀವ್ರ ನೋವಿಗೆ ಕೊಡುವ ಜಿಕೊನೊಟೈಡ್‌ನಲ್ಲಿರುವುದು ಕೇವಲ 25 ಅಮೈನೊ ಆಮ್ಲಗಳು. ಅದನ್ನು ಅಮೈನೊ ಆಮ್ಲಗಳನ್ನು ಒಂದೊಂದಾಗಿ ಸೇರಿಸುವ ಪೆಪ್ಟೈಡ್ ವಿಧಾನದಲ್ಲಿ ನೇರವಾಗಿ ಜೋಡಿಸಬಹುದು. ರಕ್ತದ ಕ್ಯಾನ್ಸರಿಗೆ 1969ರಿಂದಲೂ ಬಳಕೆಯಲ್ಲಿರುವ ಸೈಟರಬಿನ್‌ನದು ಇನ್ನೂ ಸರಳವಾದ ಅಣು. ವೆರ್ನರ್ ಬರ್ಗ್‌ಮನ್ 1950ರ ದಶಕದ ಆರಂಭದಲ್ಲಿ ಕೆರಿಬಿಯನ್ ಸ್ಪಂಜೊಂದರಲ್ಲಿ ಕಂಡ ನ್ಯೂಕ್ಲಿಯೊಸೈಡ್‌ಗಳಲ್ಲಿ (ಆರ್‌ಎನ್‌ಎಯ ಘಟಕಗಳಂಥ ಅಣುಗಳು) ರೈಬೋಸ್ ಇರಬೇಕಾದ ಕಡೆ ಅರಾಬಿನೋಸ್ ಸಕ್ಕರೆಯಿತ್ತು. ಆ ಸುಳಿವೇ ಈ ಔಷಧಕ್ಕೆ ದಾರಿಯಾಯಿತು.

ನಡುವಿನ ದಾರಿಯೂ ಒಂದಿದೆ. ಮ್ಯಾಂಗ್ರೋವ್ ಬೇರುಗಳಿಗೆ ಅಂಟಿ ಬೆಳೆಯುವ ಚೀಲದಂಥ ಮೈಯ ಒಂದು ಟ್ಯುನಿಕೇಟ್ ಜೀವಿಯ ಸಾರಕ್ಕೆ ಕ್ಯಾನ್ಸರ್ ಗಡ್ಡೆಗಳನ್ನು ತಡೆಯುವ ಗುಣವಿದೆಯೆಂದು 1969ರಲ್ಲೇ ಗೊತ್ತಾಗಿತ್ತು. ಅದರಲ್ಲಿರುವ ಟ್ರಾಬೆಕ್ಟೆಡಿನ್ ಅಣುವಿನ ರಚನೆ ಪ್ರಕಟವಾದದ್ದು 1990ರಲ್ಲಿ. ಒಂದು ಗ್ರಾಂ ಬೇಕೆಂದರೆ ಸುಮಾರು ಒಂದು ಟನ್ ಜೀವಿ ಬೇಕಿತ್ತು. ಇ. ಜೆ. ಕೋರಿ ಅವರ ತಂಡ 1996ರಲ್ಲಿ ಅದನ್ನು ಸಂಶ್ಲೇಷಿಸಿತಾದರೂ ಉತ್ಪಾದನೆಗೆ ಒದಗಿದ್ದು ಬೇರೆ ಉಪಾಯ: ಬ್ಯಾಕ್ಟೀರಿಯಾವೊಂದನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅದು ಕೊಡುವ ಸಯನೊಸಾಫ್ರಾಸಿನ್ ಬಿ ಎಂಬ ಹತ್ತಿರದ ಸಂಬಂಧಿ ಅಣುವನ್ನು ಹಿಡಿದು, ಉಳಿದ ಹಂತಗಳನ್ನು ರಸಾಯನಶಾಸ್ತ್ರಜ್ಞರು ಪೂರೈಸಿದರು. ಯುರೋಪಿನಲ್ಲಿ ಅನುಮತಿ ಸಿಕ್ಕಿದ್ದು 2007ರಲ್ಲಿ. ತಾವು ಕೇಳಿದ ವರ್ಷಗಳ ಲೆಕ್ಕ ಇಲ್ಲಿಯೇ ಇದೆ: ಮೊದಲ ಸುಳಿವಿನಿಂದ ರಚನೆ ತಿಳಿಯುವವರೆಗೆ 21 ವರ್ಷ, ಅಲ್ಲಿಂದ ರೋಗಿಯವರೆಗೆ ಇನ್ನೂ 17.