ಕಂಪೈಲರ್ ಇರುವಾಗಲೂ ಅದನ್ನೇ ಮೂರು ಸಲ ಕಟ್ಟುವುದೇಕೆ?

ಪ್ರಶ್ನೆ: ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಕೈಪಿಡಿಯನ್ನು ಅನುಸರಿಸಿ, ಸೋರ್ಸ್ ಕೋಡಿನಿಂದಲೇ ನನ್ನದೊಂದು ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಲು ಹೊರಟಿದ್ದೇನೆ. ನನ್ನ ಗಣಕದಲ್ಲಿರುವ ಉಬುಂಟು ಲಿನಕ್ಸಿನಲ್ಲಿ, ಸೋರ್ಸ್ ಕೋಡನ್ನು ಗಣಕ ನಡೆಸಬಲ್ಲ ಪ್ರೋಗ್ರಾಮಾಗಿ ಬದಲಿಸುವ ಜಿಸಿಸಿ ಕಂಪೈಲರ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಹೀಗಿದ್ದೂ ಅದನ್ನು ಮೂರು ಸಲ ಕಟ್ಟಬೇಕೆಂದು ಕೈಪಿಡಿ ಹೇಳುತ್ತದೆ. ಒಂದೇ ಸಲಕ್ಕೆ ಮುಗಿಸಬಾರದೇ?

ಉತ್ತರ: ಒಂದೇ ಸಲಕ್ಕೆ ಮುಗಿಸಿದರೆ ನಿಮಗೆ ದೊರೆಯುವುದು ಉಬುಂಟುವಿನ ಹಂಗಿನಲ್ಲಿರುವ ವ್ಯವಸ್ಥೆ. ಈಗಿರುವ ಕಂಪೈಲರ್ ತಯಾರಿಸುವ ಪ್ರೋಗ್ರಾಮುಗಳು ಸಾಮಾನ್ಯವಾಗಿ ಉಬುಂಟುವಿನ ಸಿ ಲೈಬ್ರರಿಗೆ (ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ ಸಂಗ್ರಹಕ್ಕೆ), ಅಂದರೆ ಅಲ್ಲಿನ ಗ್ಲಿಬ್‌ಸಿಗೆ, ಜೋಡಣೆಯಾಗುತ್ತವೆ. ಹೊಸ ಗ್ಲಿಬ್‌ಸಿಯನ್ನು ಕಟ್ಟಲು ಕಂಪೈಲರ್ ಬೇಕು. ಪೂರ್ಣ ಪ್ರಮಾಣದ ಕಂಪೈಲರನ್ನು ಕಟ್ಟಲು ಗ್ಲಿಬ್‌ಸಿ ಬೇಕು. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಈ ಸುತ್ತನ್ನು ಕಡಿಯುವುದಕ್ಕೆಂದೇ ಹಂತಗಳನ್ನು ಮಾಡಿದ್ದಾರೆ.

ಮೊದಲ ಸುತ್ತಿನಲ್ಲಿ, ಕಂಪೈಲರಿನ ಫಲಿತವನ್ನು ಜೋಡಿಸುವ ಸಲಕರಣೆಗಳಾದ ಬಿನ್‌ಯುಟಿಲ್ಸ್ ಕಟ್ಟಿದ ಬೆನ್ನಿಗೆ ಕಟ್ಟುವ ಜಿಸಿಸಿ ಬೇಕೆಂದೇ ಅಪೂರ್ಣವಾಗಿ ಉಳಿಸಿದ್ದು: ಥ್ರೆಡ್ ಸೌಲಭ್ಯವಿಲ್ಲ, ಹಂಚಿಕೆಯ ಲೈಬ್ರರಿಗಳಿಲ್ಲ, ಸಿ ಮತ್ತು ಸಿ++ ಬಿಟ್ಟು ಬೇರೆ ಭಾಷೆಯಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ಲಿನ ಹೆಡರ್ ಕಡತಗಳನ್ನು (ಅದರ ಸೌಲಭ್ಯಗಳನ್ನು ಕಂಪೈಲರಿಗೆ ಪರಿಚಯಿಸುವ ಕಡತಗಳನ್ನು) ಇರಿಸಿದ ಮೇಲೆ ಗ್ಲಿಬ್‌ಸಿಯನ್ನು ಕಟ್ಟಲು ಅಷ್ಟು ಸಾಕು. ಸಿ++ನ ಲೈಬ್ರರಿಯು ಜಿಸಿಸಿಯ ಸೋರ್ಸಿನೊಳಗೇ ಇದ್ದರೂ ಗ್ಲಿಬ್‌ಸಿ ಸಿದ್ಧವಾಗುವವರೆಗೆ ಅದನ್ನು ಮುಟ್ಟುವಂತಿಲ್ಲ. ಅನೇಕರು ಎಡವುವುದು ಈ ಅನುಕ್ರಮವನ್ನು ಬದಲಿಸಿದಾಗಲೇ. ಬಳಿಕ ಬ್ಯಾಷ್ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮು), ಮೇಕ್ ಮೊದಲಾದ ತಾತ್ಕಾಲಿಕ ಸಲಕರಣೆಗಳನ್ನೂ, ಎರಡನೆಯ ಜಿಸಿಸಿಯನ್ನೂ ಹೊಸ ಗ್ಲಿಬ್‌ಸಿಗೆ ಜೋಡಿಸಿ ಕಟ್ಟಲಾಗುತ್ತದೆ. ಆಮೇಲೆ, ಒಂದು ಕೋಶವನ್ನೇ ಇಡೀ ವ್ಯವಸ್ಥೆಯ ಬುಡವೆಂದು ತೋರಿಸುವ ಛ್‌ರೂಟ್ ಆಜ್ಞೆಯ ಮೂಲಕ, ಹೊಸ ವ್ಯವಸ್ಥೆಗೆಂದು ಡಿಸ್ಕಿನಲ್ಲಿ ಮೀಸಲಿಟ್ಟ ವಿಭಾಗದೊಳಕ್ಕೆ ಹೊಕ್ಕು, ಉಬುಂಟುವಿನ ಕಡತಗಳು ಕಣ್ಣಿಗೆ ಬೀಳದ ಆ ಜಾಗದಲ್ಲಿ, ಎಲ್ಲ ಸೌಲಭ್ಯಗಳುಳ್ಳ ಮೂರನೆಯ ಹಾಗೂ ಕೊನೆಯ ಜಿಸಿಸಿಯನ್ನು ಕಟ್ಟುತ್ತೀರಿ.

ಇದರಲ್ಲಿ ನನಗೆ ಬಹಳ ಹಿಡಿಸಿರುವುದು ಹೆಸರಿನ ಒಂದು ಸಣ್ಣ ಉಪಾಯ. ಗುರಿ ಯಂತ್ರದ ಹೆಸರಿನ ನಡುವೆ ಸಾಮಾನ್ಯವಾಗಿರುವ ‘ಪಿಸಿ’ ಎಂಬುದನ್ನು ತೆಗೆದು ‘ಎಲ್‌ಎಫ್‌ಎಸ್’ (ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಎಂಬುದರ ಮೊದಲಕ್ಷರಗಳು) ಎಂದು ಬರೆಯಲಾಗುತ್ತದೆ. ಪ್ರೊಸೆಸರ್ ಅದೇ ಆಗಿದ್ದರೂ ಹೆಸರು ಬೇರೆಯಾದ ಕಾರಣ, ಬೇರೊಂದು ಯಂತ್ರಕ್ಕಾಗಿ ಕ್ರಾಸ್ ಕಂಪೈಲ್ ಮಾಡುತ್ತಿದ್ದೇವೆಂದು ಕಟ್ಟುವ ಕೆಲಸ ನಡೆಸುವ ಸ್ಕ್ರಿಪ್ಟುಗಳು ಭಾವಿಸಿ, ಉಬುಂಟುವಿನ ಲೈಬ್ರರಿಗಳತ್ತ ಕೈಚಾಚುವುದನ್ನು ಬಿಡುತ್ತವೆ.

ಆದರೂ ಹಂಗು ಪೂರ್ತಿ ಹರಿಯಿತೆಂದು ಹೇಳಲಾಗದು. ನೆರೆಮನೆಯ ಹೆಪ್ಪಿನಿಂದ ಮೊಸರು ಮಾಡಿದಂತೆ, ಮೊದಲ ಕಂಪೈಲರ್ ಹೊರಗಿನದೇ. ಕಂಪೈಲರಿನಲ್ಲಿ ಅಡಗಿಸಿದ ಮೋಸವು ಸೋರ್ಸ್ ಕೋಡಿನಲ್ಲಿ ಕಾಣದೆಯೂ ಮುಂದಿನ ಕಂಪೈಲರಿಗೆ ದಾಟಬಲ್ಲದೆಂದು ಯುನಿಕ್ಸ್ ರಚಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲೇ ತೋರಿಸಿದ್ದರು. ಆ ಹೆಪ್ಪನ್ನು ಆದಷ್ಟು ಕಿರಿದಾಗಿಸುವ ಪ್ರಯತ್ನದಲ್ಲಿ ಗೀಕ್ಸ್ (Guix) ಎಂಬ ಲಿನಕ್ಸ್ ವಿತರಣೆಯ ಯೋಜನೆಯವರು 2023ರಲ್ಲಿ 357 ಬೈಟುಗಳ ಬೀಜದಿಂದ ಆರಂಭಿಸಿ ಜಿಸಿಸಿಯವರೆಗೆ ತಲುಪಿದರು.

ಪ್ರಶ್ನೆ: ಛ್‌ರೂಟ್ ಮಾಡಿದೊಡನೆ ‘ಅಂತಹ ಕಡತವಿಲ್ಲ’ ಎಂಬ ದೋಷಸಂದೇಶ ಬರುತ್ತದೆ. ಕಡತವೇನೋ ಅಲ್ಲೇ ಇದೆ. ತಪ್ಪು ಎಲ್ಲಿರಬಹುದು?

ಉತ್ತರ: ಇಲ್ಲವೆಂದು ಕರ್ನಲ್ ಹೇಳುತ್ತಿರುವುದು ಬಹುಶಃ ಆ ಪ್ರೋಗ್ರಾಮನ್ನಲ್ಲ, ಬೇಕಾದ ಲೈಬ್ರರಿಗಳನ್ನು ಜೋಡಿಸಿ ಅದನ್ನು ಚಾಲನೆಗೆ ತರಬೇಕಾದ ಡೈನಮಿಕ್ ಲೋಡರನ್ನು. ಛ್‌ರೂಟಿನ ಹೊರಗಿನಿಂದಲೇ ಆ ಪ್ರೋಗ್ರಾಮಿನ ಮೇಲೆ ‘ರೀಡ್‌ಎಲ್ಫ್’ ಆಜ್ಞೆಯನ್ನು ‘ಎಲ್’ (ಸಣ್ಣಕ್ಷರದ l) ಆಯ್ಕೆಯೊಡನೆ ಕೊಟ್ಟರೆ, ಅದು ಯಾವ ಲೋಡರನ್ನು ಕೇಳುತ್ತಿದೆಯೆಂಬುದು ಕಾಣುತ್ತದೆ. 64 ಬಿಟ್ಟಿನ ಇಂಟೆಲ್ ಅಥವಾ ಎಎಂಡಿ ಗಣಕದಲ್ಲಿ ಅದು ‘ಲಿಬ್64’ ಕೋಶದಲ್ಲಿರಬೇಕು. ಗ್ಲಿಬ್‌ಸಿ ಕಟ್ಟುವಾಗ ಆ ಕೋಶದೊಳಗೆ ಮಾಡಬೇಕಾದ ಸಾಂಕೇತಿಕ ಕೊಂಡಿಯನ್ನು (ಬೇರೆಡೆಯಿರುವ ಕಡತದತ್ತ ಬೊಟ್ಟುಮಾಡುವ ಹೆಸರನ್ನು) ಬಿಟ್ಟಿದ್ದರೆ ಇದೇ ಸಂದೇಶ ಬರುತ್ತದೆ. ನಾನೂ ಒಮ್ಮೆ ಅದನ್ನು ಬಿಟ್ಟು, ಒಂದು ಸಂಜೆಯೆಲ್ಲ ಬ್ಯಾಷನ್ನು ದೂರುತ್ತ ಕುಳಿತಿದ್ದೆ. ಕೊಂಡಿ ಸರಿಯಾಗಿದ್ದರೆ, ‘ಎಲ್‌ಎಫ್‌ಎಸ್’ ಎಂಬ ಪರಿಸರ ಚರಾಂಶಕ್ಕೆ ಹೊಸ ವಿಭಾಗದ ದಾರಿಯೇ ಇದೆಯೇ ಎಂದು ನೋಡಿಕೊಳ್ಳಿ. ಅದು ಖಾಲಿಯಿದ್ದು, ನೀವು ಪೂರ್ಣ ಅಧಿಕಾರವುಳ್ಳ ರೂಟ್ ಬಳಕೆದಾರರಾಗಿ ಕೆಲಸ ಮಾಡಿದ್ದರೆ, ಹೊಸ ಗ್ಲಿಬ್‌ಸಿ ಉಬುಂಟುವಿನ ಗ್ಲಿಬ್‌ಸಿಯ ಮೇಲೆಯೇ ಬರೆಯಲ್ಪಟ್ಟಿರಬಹುದು. ಕೈಪಿಡಿಯು ಆರಂಭದಲ್ಲೇ ಅಧಿಕಾರ ಕಡಿಮೆಯಿರುವ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿಕೊಳ್ಳಲು ಹೇಳುವುದು ಈ ಕಾರಣಕ್ಕಾಗಿಯೇ.